ಉಸಿರು ಹಿಡಿಯಿರಿ

ವಾರಕ್ಕೆ ಆರು ದಿನ ನಾನು
ಜನರ ಒಳಗನ್ನು ತೆಗೆಯುವವನು.
ಅಜ್ಜರಕಾಡಿನಲ್ಲಿ, ಸೀಸದ ಬಾಗಿಲ ಹಿಂದೆ ನಿಂತು:
ಗದ್ದ ಮೇಲೆ, ಭುಜ ಮುಂದೆ,
ಉಸಿರು ಎಳೆಯಿರಿ, ಹಿಡಿಯಿರಿ,
ಬಿಡಿ.
ಕರಿಮಣಿ, ತಾಯಿತ, ರವಕೆಯ ಪಿನ್ನು
ಒಂದು ಸ್ಟೀಲಿನ ತಟ್ಟೆಯಲ್ಲಿ ಕಾಯುತ್ತವೆ.
ಕಂಡದ್ದನ್ನು ಕಾಣದವನ ಹಾಗೆ ನಾನು
‘ಡಾಕ್ಟ್ರು ಹೇಳ್ತಾರೆ’ ಅನ್ನುತ್ತೇನೆ.
ಹದಿನೇಳು ವರ್ಷದಿಂದ ಅಷ್ಟೇ ಮಾತು.

ಏಳನೆಯ ದಿನ ಕೆಮ್ಮಣ್ಣು.
ಸ್ಕೂಟರನ್ನು ಗೇರುಮರದ ಬುಡಕ್ಕೆ ಒರಗಿಸಿ,
ತೂಗುಸೇತುವೆ ದಾಟಿ, ಕುದ್ರುವಿನ ಹಿಂಬದಿಗೆ
ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುತ್ತೇನೆ.
ಸ್ವರ್ಣೆ ಇಲ್ಲಿ ಹೊಳೆಯೂ ಅಲ್ಲ, ಕಡಲೂ ಅಲ್ಲ;
ಉಪ್ಪು ಬಂದು ಸಪ್ಪೆಯನ್ನು ವಿಚಾರಿಸಿ ಹೋಗುವ
ಸವುಳು ನೀರು.

ಕಾಂಡ್ಲದ ಬೇರುಗಳ ಸಂದಿನಲ್ಲಿ
ಮೊದಲು ಕಾಣುವುದು ಮೀನಲ್ಲ, ನೆರಳು.
ಕೆಸರಿನ ಮೇಲೆ ನೂರು ಮಸುಕು ನೆರಳು
ಒಟ್ಟಿಗೇ ಎಡಕ್ಕೆ ಹೊರಳುತ್ತವೆ,
ಯಾರವೆಂದು ಗೊತ್ತಿಲ್ಲ.
ಆಮೇಲೆ ಕಣ್ಣು:
ಒಗ್ಗರಣೆಯಿಂದ ಸಿಡಿದ ಸಾಸಿವೆ
ಹಾರಿದಲ್ಲೇ ನಿಂತುಬಿಟ್ಟ ಹಾಗೆ.
ಕಣ್ಣಿನ ಹಿಂದೆ ಗೆರೆ, ಗೆರೆಗೆ ಹಲ್ಲು,
ಮಗುವಿನ ಬಾಚಣಿಗೆಯಷ್ಟು ಸಪೂರ ಬೆನ್ನೆಲುಬು.
ಅದರಾಚೆ ಕಾಣುವುದು
ಇನ್ನೊಂದು ಮೀನಿನ ಬೆನ್ನೆಲುಬು.

ಇವಕ್ಕೆ ನನ್ನ ಅಗತ್ಯವೇ ಇಲ್ಲ, ಅಂದುಕೊಂಡೆ.
ಬಟ್ಟೆ ಬಿಚ್ಚಬೇಕಿಲ್ಲ, ಉಸಿರು ಹಿಡಿಯಬೇಕಿಲ್ಲ,
ಬೆಳಕಿಗೆ ಅಡ್ಡ ನಿಂತರೆ ಸಾಕು,
ಒಳಗೇ ಹೊರಗು.

ಮೊಣಕಾಲಿನ ನೀರಲ್ಲಿ ಬಗ್ಗಿ
ಮರುವಾಯಿ ಹೆಕ್ಕುತ್ತಿದ್ದವಳು ನೆಟ್ಟಗಾದಳು.
ಬೂದು ಮರಕಾಲ್ತಿ.
ಮೂರು ವಾರದ ಹಿಂದೆ ನನ್ನ ತಣ್ಣನೆಯ ಹಲಗೆಗೆ
ಎದೆಯೊತ್ತಿ ನಿಂತವಳು.
ಬಲಗಡೆ, ಮೂರನೆಯ ಪಕ್ಕೆಲುಬಿನ ಕೆಳಗೆ,
ಒಂದು ಗೋಟಡಿಕೆಯಷ್ಟು ಬಿಳಿ.

‘ಇದರ ಹೆಸರೇನು?’ ಕೇಳಿದೆ ನಾನೇ, ಬೇಗ,
ಅವಳು ಬೇರೇನೂ ಕೇಳದಿರಲಿ ಎಂದು.
‘ಪುದರ್ ದಾಯೆಗ್?’ ನಕ್ಕಳು.
‘ಮಾರ್ಕೆಟಿಗೆ ಹೋಗದ್ದಕ್ಕೆ ಹೆಸರು ಯಾಕೆ?
ಬಲೆಗೆ ಬಿದ್ದರೆ ಕೊಡವುತ್ತೇವೆ,
ಸಾರಿಗೆ ಹಾಕಿದರೆ ಮುಳ್ಳೂ ಸಿಕ್ಕುವುದಿಲ್ಲ.’
ಎರಡೂ ಕೈ ಬೊಗಸೆ ಮಾಡಿ ಅದ್ದಿದಳು.
ಬೊಗಸೆಯಲ್ಲಿ ಮೂರು, ನಾಲ್ಕು;
ಅವುಗಳ ಮೈಯೊಳಗಿಂದ
ಅವಳ ಅಂಗೈಯ ಗೆರೆ ಕಂಡಿತು,
ಉಪ್ಪಿಗೆ ಒಡೆದದ್ದು, ಚಿಪ್ಪಿಗೆ ಕುಯ್ದದ್ದು.

‘ನೋಡಿ ಸರಿಯಾಗಿ,’ ಅಂದಳು, ‘ಎಲ್ಲಾ ಕಾಣ್ತದಾ?’
ನೋಡಿದೆ.
ಹೊಟ್ಟೆಯ ಜಾಗದಲ್ಲಿ ಮಾತ್ರ
ಒಂದು ಬೆಳ್ಳಿಯ ಚೀಲ.
ಕಾಗದದಲ್ಲಿ ಸುತ್ತಿದ ಪೇಡೆಯ ಹಾಗೆ
ಬಿಗಿಯಾಗಿ ಮುಚ್ಚಿತ್ತು.
ತಿಂದದ್ದು ಏನು, ನುಂಗಿದ್ದು ಏನು,
ಬಿಸಿಲಿಗೂ ಬಿಡದೆ
ತನ್ನ ಬೆಳಕನ್ನೇ ತಿರುಗಿ ನಮ್ಮ ಕಣ್ಣಿಗೆ ಎಸೆಯುತ್ತಿತ್ತು.

‘ಇಡೀ ಮೈ ಗಾಜು,
ಹೊಟ್ಟೆಯೊಳಗಿನದು ಮಾತ್ರ ಯಾರಿಗೂ ಹೇಳುವುದಿಲ್ಲ.’
ಬೊಗಸೆಯನ್ನು ನೀರಿಗೆ ಬಿಟ್ಟಳು.
‘ನೀವು ಅವತ್ತೇ ಕಂಡಿದ್ದಿರಿ, ಅಲ್ಲವಾ?’

ಉಬ್ಬರ ಏರುತ್ತಿತ್ತು. ಮಲ್ಪೆಯ ಕಡೆಯಿಂದ
ಯಾವುದೋ ಬೋಟಿನ ಇಂಜಿನ್ನು
ಕೆಮ್ಮಿ, ನಿಂತು, ಮತ್ತೆ ಹಿಡಿಯಿತು.
ಕಂಡಿದ್ದೆ ಬೂದಕ್ಕ, ಎನ್ನಬೇಕಿತ್ತು.
ನನ್ನ ನಾಲಗೆಗೂ ಒಂದು ಸೀಸದ ಬಾಗಿಲು.

ಅವಳು ಕಾಯಲಿಲ್ಲ. ಸೆರಗು ಬಿಗಿದು,
‘ಮಗಳಿಗೆ ನಾನೂ ಹೇಳಿಲ್ಲ,’ ಅಂದಳು,
‘ಮರುವಾಯಿ ಬೇಕಾ? ಇವತ್ತಿನದು ದಪ್ಪ ಇದೆ.’

ಒಂದು ಸೇರು ಕೊಂಡೆ. ಚಿಲ್ಲರೆ ಕೇಳಲಿಲ್ಲ.
ಅವಳೇ ಎಣಿಸಿ ಕೊಟ್ಟಳು.

ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ
ನೀರು, ಬರಿಯ ನೀರು.
ಮೋಡ ಸರಿದ ಒಂದು ಗಳಿಗೆ ಮಾತ್ರ
ಎಲ್ಲವೂ ಒಟ್ಟಿಗೆ ತಿರುಗಿ
ನೂರು ಹೊಟ್ಟೆಗಳು ಫಳಕ್ಕೆಂದವು.
ಎಷ್ಟು ಹೊತ್ತಿನಿಂದಲೋ ಹಿಡಿದಿದ್ದ ಉಸಿರು,
ನನ್ನದು.
ಬಿಡಿ ಎನ್ನಲು ಯಾರೂ ಇರಲಿಲ್ಲ.